ಎರಡು ಸೇರು ರಾಗಿಯ ತಂಗಿ

ಮಿಡಿಗೇಶಿಯ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಬೀದಿಯಿಂದ ಬಂದವರಿಗೆ ಮೊದಲು ಕಾಣುತ್ತಿದ್ದುದು ಜಂತೆಯಿಂದ ಇಳಿಬಿಟ್ಟ ಹಿತ್ತಾಳೆ ತಕ್ಕಡಿ, ಅದರ ಹಿಂದೆ ಮಣೆಯ ಮೇಲೆ ನೆಟ್ಟಗೆ ಕೂತ ಅಪ್ಪ. ಅಂಗಡಿಯ ಒಳಬಾಗಿಲು ದಾಟಿದರೆ ನಡುಮನೆ. ನಡುಮನೆಯ ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ಹಗಲಿನಲ್ಲೂ ಕತ್ತಲೆ ತುಂಬಿಕೊಂಡಿರುತ್ತಿದ್ದ ವಾಡೆಯ ಕೋಣೆ. ಆಳೆತ್ತರದ ಮಣ್ಣಿನ ವಾಡೆಗಳಲ್ಲಿ ವರ್ಷದ ರಾಗಿಯನ್ನೆಲ್ಲ ಅಲ್ಲಿ ತುಂಬಿಡುತ್ತಿದ್ದರು. ಕಾಯಿಲೆ ಬಿದ್ದವರು, ಬಾಣಂತಿಯರು ಮಲಗುತ್ತಿದ್ದುದೂ ಅಲ್ಲೇ. ಇಡೀ ಮನೆಯಲ್ಲಿ ಗಾಳಿ ನುಗ್ಗದ ಕೋಣೆ ಅದೊಂದೇ. ಹಿತ್ತಲಿಗೆ ಹೋಗಿ ತಲೆಯೆತ್ತಿದರೆ ಕೋಟೆ ಬೆಟ್ಟ. ಬಿಸಿಲು ಆ ಬೆಟ್ಟವನ್ನು ದಾಟಿ ನಮ್ಮ ಹಿತ್ತಲಿಗೆ ಇಳಿಯುವಷ್ಟರಲ್ಲಿ ಊರು ಎದ್ದು ಅರ್ಧ ಕೆಲಸ ಮುಗಿಸಿರುತ್ತಿತ್ತು.

ಅಪ್ಪನಿಗೆ ಕಿಲೋ ಎಂದರೆ ಭಕ್ತಿ. ವರ್ಷಕ್ಕೊಮ್ಮೆ ತೂಕದ ಕಲ್ಲುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು ಬಸ್ಸಿನಲ್ಲಿ ಮಧುಗಿರಿಗೆ ಹೋಗಿ ಸರ್ಕಾರದ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದರು. ಬಂದ ದಿನ ಅವನ್ನು ತೊಳೆದು, ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿಟ್ಟು ಸ್ವಲ್ಪ ಹೊತ್ತು ನೋಡುತ್ತ ಕೂರುತ್ತಿದ್ದರು. ಅಜ್ಜಿ, ಅಂದರೆ ಅಪ್ಪನ ತಾಯಿ, ಆ ಕಲ್ಲುಗಳನ್ನು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಅವರು ಪಾವಗಡದ ಆಚೆಯ ಹಳ್ಳಿಯಿಂದ ಬಂದವರು. ಮನಸ್ಸು ಕಲಕಿದಾಗ ಅವರ ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಅಡುಗೆಮನೆಯಲ್ಲಿ ಅವರದು ಸೇರು, ಅರೆಸೇರು, ಪಾವು. ರಾಗಿಯನ್ನು ಸೇರಿಗೆ ತುಂಬಿ, ಅಂಗೈಯಿಂದ ಒಮ್ಮೆ ಮೇಲ್ಮೈ ಸವರಿ ಸುರಿದರೆಂದರೆ ಅದರ ಮೇಲೆ ಯಾರೂ ಮಾತಾಡುವಂತಿರಲಿಲ್ಲ. ಪಕ್ಕದ ಮನೆಯ ಟೈಲರ್ ರಹೀಮಣ್ಣನದು ಇಂಚು. ನಾನು ಆಗ ಐದನೇ ಕ್ಲಾಸು. ಮೇಷ್ಟರು ಗ್ರಾಂ, ಲೀಟರು, ಸೆಂಟಿಮೀಟರುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಮನೆಗೆ ಬಂದರೆ ಒಂದೊಂದು ಬಾಗಿಲಲ್ಲಿ ಒಂದೊಂದು ಲೆಕ್ಕ. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ತಂಗಿ ಹುಟ್ಟುವ ತನಕ ಆ ಬಗ್ಗೆ ಯಾರೂ ಯೋಚಿಸಿಯೂ ಇರಲಿಲ್ಲ.

ಮಾರ್ಗಶಿರದ ಚಳಿ. ಅಮ್ಮ ಹಿತ್ತಲಲ್ಲಿ ಹಂಡೆಗೆ ನೀರು ತುಂಬುತ್ತಿದ್ದವರು ಕೊಡ ಕೆಳಗಿಟ್ಟು ಗೋಡೆ ಹಿಡಿದುಕೊಂಡರು. ಹೆರಿಗೆಗೆ ಇನ್ನೂ ಒಂದೂವರೆ ತಿಂಗಳು ಬಾಕಿಯಿತ್ತು. ಅಜ್ಜಿ ಅವರನ್ನು ವಾಡೆಯ ಕೋಣೆಗೆ ನಡೆಸಿಕೊಂಡು ಹೋದರು. ಅಪ್ಪ ಅಂಗಡಿಯನ್ನು ಹಾಗೇ ಬಿಟ್ಟು ಸುಶೀಲಮ್ಮನವರನ್ನು ಕರೆತರಲು ಓಡಿದರು. ಸುಶೀಲಮ್ಮ ಸರ್ಕಾರದ ನರ್ಸು, ಕೊರಟಗೆರೆ ಕಡೆಯವರು, ಸುತ್ತಲ ಹಳ್ಳಿಗಳಿಗೆಲ್ಲ ಸೈಕಲ್ ತುಳಿದೇ ಹೋಗುತ್ತಿದ್ದರು. ಅವರು ಬಂದು ಸ್ವಲ್ಪ ಹೊತ್ತಿಗೆಲ್ಲ ಒಳಗಿನಿಂದ ಬೆಕ್ಕಿನ ಮರಿ ಕೂಗಿದ ಹಾಗೆ ಒಂದು ಸದ್ದು ಬಂತು. ಅಜ್ಜಿ ಹೊರಗೆ ಬಂದು ಗಂಡೋ ಹೆಣ್ಣೋ ಹೇಳುತ್ತಾರೆ ಎಂದು ನಾನು ಕಾದೆ. ಅವರು ಹೊರಗೆ ಬರಲೇ ಇಲ್ಲ. ಕೊನೆಗೆ ನಾನೇ ಬಾಗಿಲ ಸಂದಿಯಿಂದ ಇಣುಕಿದೆ. ಅಜ್ಜಿಯ ಮಡಿಲಲ್ಲಿ, ಹಳೆಯ ಸೀರೆಯ ತುಂಡಿನಲ್ಲಿ, ಒಂದು ಮಗು. ಅದರ ತೊಡೆ ಅಪ್ಪನ ಹೆಬ್ಬೆರಳಿಗಿಂತ ದಪ್ಪ ಇರಲಿಲ್ಲ. ಚರ್ಮ ಎಷ್ಟು ತೆಳುವಾಗಿತ್ತೆಂದರೆ ಒಳಗಿನ ನರಗಳು ಎಲೆಯ ನರಗಳಂತೆ ಕಾಣುತ್ತಿದ್ದವು. ಅಷ್ಟು ಚಿಕ್ಕ ಕೈಯಲ್ಲಿ ಐದು ಬೆರಳು, ಐದು ಬೆರಳಿಗೂ ಉಗುರು. ಅದನ್ನು ನೋಡಿ ನಾನು ಬಾಗಿಲ ಹತ್ತಿರವೇ ಕೂತುಬಿಟ್ಟೆ.

ಸುಶೀಲಮ್ಮ ಕೈ ತೊಳೆದುಕೊಂಡು ನಡುಮನೆಗೆ ಬಂದು, ಮಗುವಿನ ತೂಕ ನೋಡಲೇಬೇಕು ಎಂದರು. ತೂಕ ಗೊತ್ತಾದರೆ ಮಾತ್ರ ಎಷ್ಟು ಹಾಲು ಕುಡಿಸಬೇಕು, ಮನೆಯಲ್ಲಿ ಇಟ್ಟುಕೊಳ್ಳಬಹುದೋ ಬೇಡವೋ ಹೇಳಲು ಆಗುತ್ತದೆ ಎಂಬುದು ಅವರ ಮಾತು. ಅವರ ಹತ್ತಿರ ತೂಕದ ಯಂತ್ರ ಇರಲಿಲ್ಲ. ಅಪ್ಪ ಎದ್ದು ಅಂಗಡಿಯ ಬಾಗಿಲು ಮುಂದೆ ಮಾಡಿ, ತಕ್ಕಡಿಯ ತಟ್ಟೆಗಳನ್ನು ಬಿಸಿನೀರಲ್ಲಿ ತೊಳೆದು ತಂದರು. ವಾಡೆಯ ಕೋಣೆಯ ಹೊಸಿಲಲ್ಲಿ ಅಜ್ಜಿ ಅಡ್ಡ ನಿಂತರು.

"ನನ್ ಮೊಮ್ಮಗಳೇನು ಬೆಲ್ಲದ ಅಚ್ಚೇನ್ಲಾ, ಕಲ್ಲಾಕಿ ತೂಗಾಕೆ?"

ಅಪ್ಪ ದನಿ ಏರಿಸದೆ, ತೂಕ ತಿಳಿಯದೆ ಮಗುವನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದರು. ಅಜ್ಜಿ ಕದಲಲಿಲ್ಲ. ಹುಟ್ಟಿದ ಕೂಸನ್ನು ಕಬ್ಬಿಣದ ಕಲ್ಲಿಗೆ ಎದುರಿಟ್ಟರೆ ಕಲ್ಲೇ ಅದನ್ನು ಎಳೆದುಕೊಳ್ಳುತ್ತದೆ ಎಂದರು. ಅಪ್ಪ ಕಲ್ಲಿನ ಮೇಲಿನ ಸರ್ಕಾರದ ಮುದ್ರೆಯನ್ನು ತೋರಿಸಿದರು. ಮುದ್ರೆ ಇದ್ದರೆ ಅದು ಸರ್ಕಾರದ ಮನೆಯಲ್ಲಿರಲಿ ಎಂದರು ಅಜ್ಜಿ. ತಾಯಿ ಮಗ ಇಬ್ಬರೂ ಹೀಗೆ ಎದುರುಬದುರು ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಗ ಒಳಗಿನಿಂದ ಅಮ್ಮನ ದನಿ ಬಂತು. ಏಳಲೂ ಆಗದ ಸ್ಥಿತಿಯಲ್ಲಿ, ಉಸಿರು ಹಿಡಿದು ಹಿಡಿದು ಮಾತಾಡಿದರು.

"ಅತ್ತೆ, ದೇವ್ರ ಮುಂದೆ ತುಲಾಭಾರ ಮಾಡ್ತಾರಲ್ಲ. ಅದು ತೂಗಾದೇ ಅಲ್ವಾ? ಕಲ್ಲು ಬ್ಯಾಡ. ರಾಗಿ ಆಕಿ."

ಅಜ್ಜಿ ಹೊಸಿಲಿನಿಂದ ಸರಿದು ವಾಡೆಯ ಬಾಯಿ ತೆರೆದರು. ಅಪ್ಪ ತಕ್ಕಡಿಯನ್ನು ತಂದು ನಡುಮನೆಯ ದೇವರ ಗೂಡಿನ ಮುಂದೆ ತೊಲೆಗೆ ಕಟ್ಟಿದರು. ಒಂದು ತಟ್ಟೆಯಲ್ಲಿ ಸೀರೆಯ ತುಂಡು ಹಾಸಿ ಮಗುವನ್ನು ಮಲಗಿಸಿದರು. ಇನ್ನೊಂದು ತಟ್ಟೆಯಲ್ಲೂ ಅಂಥದೇ ಸೀರೆಯ ತುಂಡು ಹಾಸಿ ಅಜ್ಜಿ ಸೇರಿನಿಂದ ರಾಗಿ ಸುರಿದರು. ಒಂದು ಸೇರಿಗೆ ತಟ್ಟೆ ಅಲುಗಿತು. ಎರಡನೇ ಸೇರು ಸುರಿಯುತ್ತಿದ್ದಂತೆ ಮಗು ಮಲಗಿದ್ದ ತಟ್ಟೆ ನೆಲದಿಂದ ಮೆಲ್ಲಗೆ ಎದ್ದಿತು. ಅಪ್ಪ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದರು. ಎರಡೂ ತಟ್ಟೆಗಳು ಒಂದೇ ಎತ್ತರದಲ್ಲಿ ನಿಂತವು. ಒಂದರಲ್ಲಿ ನಾವು ದಿನಾ ಉಣ್ಣುವ ರಾಗಿ, ಇನ್ನೊಂದರಲ್ಲಿ ಉಸಿರಾಡುವ ಮಗು. ಆ ಗಳಿಗೆಯಲ್ಲಿ ನನಗೆ ಆದದ್ದು ಭಯವೂ ಅಲ್ಲ, ಸಂತೋಷವೂ ಅಲ್ಲ. ದೊಡ್ಡ ದೇವಸ್ಥಾನದ ಗರ್ಭಗುಡಿಯ ಮುಂದೆ ಪರದೆ ಸರಿದಾಗ ಆಗುವಂಥದ್ದು.

ಅಜ್ಜಿ ಮಗುವನ್ನು ಎತ್ತಿಕೊಂಡ ಮೇಲೆ ಅಪ್ಪ ಆ ರಾಗಿಯನ್ನು ಸೀರೆಯ ತುಂಡಿನಲ್ಲೇ ಗಂಟು ಕಟ್ಟಿ ತಕ್ಕಡಿಯ ಜೊತೆ ಅಂಗಡಿಗೆ ಒಯ್ದು ಕಲ್ಲುಗಳಿಗೆ ಎದುರಾಗಿ ತೂಗಿದರು. ಅದಕ್ಕೆ ಅಜ್ಜಿಯ ಅಡ್ಡಿ ಇರಲಿಲ್ಲ. ರಾಗಿಯನ್ನು ಕಲ್ಲಿಗೆ ತೂಗುವುದು ವ್ಯಾಪಾರ. ಅಪ್ಪ ಒಳಗೆ ಬಂದು ಒಂದು ಕಿಲೋ ಆರುನೂರು ಗ್ರಾಂ ಎಂದರು. ಸುಶೀಲಮ್ಮನ ಮುಖ ಗಂಭೀರವಾಯಿತು. ಮಗುವನ್ನು ಮಧುಗಿರಿಗೆ ಒಯ್ದು ಡಾಕ್ಟರಿಗೆ ತೋರಿಸಲೇಬೇಕು ಎಂದರು. ಅವರೇ ಮಗುವನ್ನು ತಮ್ಮ ಸೆರಗಿನೊಳಗೆ ಎದೆಗೆ ಅವುಚಿಕೊಂಡು ಅಪ್ಪನ ಜೊತೆ ಮಧ್ಯಾಹ್ನದ ಬಸ್ಸು ಹತ್ತಿದರು.

ಸಂಜೆ ಅವರು ಹಿಂತಿರುಗಿದಾಗ ಮಗು ಬದುಕಿತ್ತು. ಮಧುಗಿರಿಯ ಆ ಡಾಕ್ಟರು ಬಹಳ ವಯಸ್ಸಾದವರಂತೆ, ಎಲ್ಲವನ್ನೂ ಪೌಂಡು, ಔನ್ಸುಗಳಲ್ಲೇ ಹೇಳುವವರಂತೆ. ಮಗು ಮೂರೂವರೆ ಪೌಂಡು ಇದೆ, ಉಸಿರು ಚೆನ್ನಾಗಿದೆ ಅಂದರಂತೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ ಇರುತ್ತದೆ, ಆದರೆ ಈ ಚಳಿಯಲ್ಲಿ ಅಷ್ಟು ದೂರ ಒಯ್ಯುವುದೇ ಅಪಾಯ. ಸದ್ಯಕ್ಕೆ ಮೈಗೆ ಮೈ ಹಚ್ಚಿ ಬೆಚ್ಚಗಿಡಿ, ಎರಡೆರಡು ಗಂಟೆಗೆ ಕಾಲು ಔನ್ಸು ತಾಯಿಯ ಹಾಲು ಕುಡಿಸಿ, ದಿನದಿನಕ್ಕೆ ಸ್ವಲ್ಪ ಹೆಚ್ಚಿಸಿ ಅಂದರಂತೆ. ಇಂಥ ಮಕ್ಕಳು ಮೊದಲು ಸ್ವಲ್ಪ ಇಳಿಯುತ್ತವೆ. ಆದರೆ ಮೂರು ಪೌಂಡಿಗೆ ಇಳಿದರೆ ಮಾತ್ರ ಒಂದು ಗಂಟೆಯೂ ಕಾಯದೆ, ಚಳಿಯೋ ಗಾಳಿಯೋ ನೋಡದೆ ಬೆಂಗಳೂರಿಗೆ ಹೊರಡಿ. ಇದು ಅವರ ಕೊನೆಯ ಮಾತು.

ಆ ಮೂರು ಪೌಂಡು ನಮ್ಮ ಮನೆಗೆ ಬಂದ ಹೊಸ ಕಲ್ಲು. ಅಪ್ಪ ಸ್ಲೇಟಿನ ಮೇಲೆ ಲೆಕ್ಕ ಹಾಕಿದರು. ಒಂದು ಪೌಂಡೆಂದರೆ ನಾನೂರ ಐವತ್ತಮೂರು ಗ್ರಾಂ ಚಿಲ್ಲರೆ; ಮೂರೆಂದರೆ ಒಂದು ಕಿಲೋ ಮುನ್ನೂರ ಅರವತ್ತು. ಮಗುವಿಗೂ ಬೆಂಗಳೂರಿಗೂ ನಡುವೆ ಇರುವುದು ಇನ್ನೂರ ನಲವತ್ತು ಗ್ರಾಂ. ಅಜ್ಜಿಗೆ ಇದು ತಲೆಗೆ ಹೋಗಲಿಲ್ಲ. ಪೌಂಡು ಬೇಡ, ಗ್ರಾಮೂ ಬೇಡ, ನನ್ನ ಕೈಗೆ ತಿಳಿಯುವ ಹಾಗೆ ಹೇಳು ಎಂದರು. ಅಪ್ಪ ಅವರ ಕೈಯಿಂದ ಒಂದು ಹಿಡಿ ರಾಗಿ ಹಾಕಿಸಿ ತೂಗಿದರು. ಅಜ್ಜಿಯದು ಚಿಕ್ಕ ಕೈ. ಐವತ್ತು ಗ್ರಾಮಿಗೆ ಚೂರು ಕಡಿಮೆ ಬಂತು. ಅಪ್ಪ ಹೇಳಿದರು:

"ಐದು ಹಿಡಿ ಕಣವ್ವ. ಗಂಟ್ನಿಂದ ಐದನೇ ಹಿಡಿ ತೆಗ್ಯಂಗಾದ್ರೆ ನಾವು ಹೊಲ್ಡ್ಬೇಕು."

ಅಜ್ಜಿ ತಮ್ಮ ಮುಚ್ಚಿದ ಮುಷ್ಟಿಯನ್ನು ನೋಡಿಕೊಂಡರು. ಅದು ಅವರಿಗೆ ಅರ್ಥವಾಯಿತು.

ಮಾರನೆಯ ದಿನದಿಂದ ಮನೆಯ ನಡೆಯೇ ಬದಲಾಯಿತು. ಹಾಲು ಕುಡಿಸಲು ಅಜ್ಜಿ ತಮ್ಮ ಮಕ್ಕಳಿಗೆಲ್ಲ ಬಳಸಿದ ಬೆಳ್ಳಿಯ ಒಳಲೆಯನ್ನು ತೆಗೆದರು. ಸುಶೀಲಮ್ಮ ಸಿರಿಂಜಿನಲ್ಲಿ ನೀರು ಅಳೆದು ಒಳಲೆಗೆ ಹಾಕಿ, ಡಾಕ್ಟರು ಹೇಳಿದ ಕಾಲು ಔನ್ಸು ಎಂದರೆ ಏಳು ಎಂ.ಎಲ್., ಅದು ಒಳಲೆಯಲ್ಲಿ ಇಲ್ಲಿಯವರೆಗೆ ಬರುತ್ತದೆ ಎಂದು ತೋರಿಸಿದರು. ಅಜ್ಜಿ ಆ ಮಟ್ಟವನ್ನು ಕಣ್ಣಲ್ಲೇ ಹಿಡಿದುಕೊಂಡರು. ಮಗು ಆ ಏಳು ಎಂ.ಎಲ್. ಕುಡಿಯಲು ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ, ಒಂದು ಸಲ ಮುಗಿಯುವಷ್ಟರಲ್ಲಿ ಇನ್ನೊಂದು ಸಲದ ಹೊತ್ತು ಹತ್ತಿರ ಬಂದಿರುತ್ತಿತ್ತು. ಒಂದೊಂದು ಹನಿ ಗಂಟಲಲ್ಲಿ ಇಳಿದಾಗಲೂ ಕತ್ತಿನ ಹತ್ತಿರ ಜೋಳದ ಕಾಳಿನಷ್ಟು ಏನೋ ಕದಲುವುದು ಕಾಣುತ್ತಿತ್ತು. ನಾನು ಸ್ಕೂಲಿನಿಂದ ಓಡಿ ಬರುತ್ತಿದ್ದುದು ಅದನ್ನು ನೋಡುವುದಕ್ಕೆ.

ಎರಡನೆಯ ದಿನ ರಹೀಮಣ್ಣ ಬಂದರು. ಮಗುವಿಗೆ ಒಳಗೆ ಹತ್ತಿ ತುಂಬಿದ ಅಂಗಿ ಟೋಪಿ ಹೊಲಿಯುತ್ತೇನೆ, ಅಳತೆ ಕೊಡಿ ಎಂದರು. ಕತ್ತಿನಲ್ಲಿದ್ದ ಟೇಪನ್ನು ತೆಗೆದು, ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಅಜ್ಜಿಯ ಮಡಿಲಲ್ಲಿದ್ದ ಮಗುವಿನ ಎದೆಯ ಸುತ್ತ ಹಿಡಿದರು. ಟೇಪಿನ ಅಷ್ಟು ಆರಂಭದಲ್ಲೇ ಅಳತೆ ಮುಗಿದುಹೋದದ್ದನ್ನು ಅವರು ನಂಬದೆ ಮತ್ತೊಮ್ಮೆ ಹಿಡಿದರು.

"ಹತ್ತು ಇಂಚು ಕಣಮ್ಮ. ನಾನು ಶರ್ಟಿಗೆ ಹೊಲ್ಯೋ ಬಟನ್ ಪಟ್ಟಿ ಇದ್ಕಿಂತ ಉದ್ದ ಇರ್ತದೆ."

ಹೇಳುತ್ತ ಅವರ ಕಣ್ಣು ತುಂಬಿದವು. ನಾನು ಟೇಪನ್ನು ತಿರುಗಿಸಿ ಹಿಂದಿನ ಕಡೆ ನೋಡಿದೆ. ಅಲ್ಲಿ ಸೆಂಟಿಮೀಟರು ಇಪ್ಪತ್ತೈದು ದಾಟಿತ್ತು. ಹತ್ತಕ್ಕಿಂತ ಇಪ್ಪತ್ತೈದು ದೊಡ್ಡದು ಎಂದು ನನಗೆ ಸ್ವಲ್ಪ ಸಮಾಧಾನವಾಯಿತು. ಅಂಗಿ ಸಾಯಂಕಾಲಕ್ಕೇ ಬಂತು. ಅದನ್ನು ಅಪ್ಪನ ಅಂಗೈ ಮೇಲೆ ಹರಡಿದರೆ ತೋಳುಗಳಷ್ಟೇ ಹೊರಗೆ ಚಾಚಿಕೊಳ್ಳುತ್ತಿದ್ದವು.

ಮಗು ಒಂದು ಗಳಿಗೆಯೂ ಯಾರದಾದರೂ ಮೈಯಿಂದ ದೂರ ಇರಬಾರದಿತ್ತು. ಅಮ್ಮನಿಗೆ ಮೂರನೆಯ ದಿನ ಜ್ವರ ಬಂತು. ಹಾಲು ಕೊಡುವುದಷ್ಟೇ ಅವರಿಂದ ಆಗುತ್ತಿತ್ತು. ರಾತ್ರಿಯೆಲ್ಲ ಅಜ್ಜಿ ಎತ್ತಿಕೊಂಡಿರುತ್ತಿದ್ದರು. ಬೆಳಿಗ್ಗೆ ಅವರು ಒಲೆ ಹಚ್ಚಬೇಕು, ಅಮ್ಮನಿಗೆ ಗಂಜಿ ಮಾಡಬೇಕು. ಆಗ ಅಪ್ಪ ಯಾರಿಗೂ ಏನೂ ಹೇಳದೆ ಶರ್ಟಿನ ಗುಂಡಿ ಬಿಚ್ಚಿ, ಮಗುವನ್ನು ಎದೆಯ ಮೇಲೆ ಇರಿಸಿಕೊಂಡು, ಮೇಲೆ ಅಜ್ಜಿಯ ಸೀರೆಯಿಂದ ಬಿಗಿಯಾಗಿ ಕಟ್ಟಿಸಿಕೊಂಡು, ಕಂಬಳಿ ಹೊದ್ದು ಅಂಗಡಿಯಲ್ಲಿ ಕೂತರು. ನಮ್ಮಪ್ಪ ನನ್ನನ್ನು ಎತ್ತಿ ಆಡಿಸಿದ ನೆನಪು ನನಗಿಲ್ಲ. ಊರಿನ ಯಾವ ಗಂಡಸೂ ಎಳೆ ಕೂಸನ್ನು ಹೊತ್ತು ಬೀದಿಗೆ ಕಾಣುವಂತೆ ಕೂತದ್ದನ್ನು ನಾನು ನೋಡಿರಲಿಲ್ಲ. ಅಪ್ಪ ಒಂದು ಕೈಯನ್ನು ಕಂಬಳಿಯ ಮೇಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಬೇಳೆ ತೂಗುತ್ತಿದ್ದರು. ಮೊದಲ ದಿನ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಒಬ್ಬಿಬ್ಬರು ನಕ್ಕರು. ಎರಡನೆಯ ದಿನ ಬಂದವರು ದನಿ ತಗ್ಗಿಸಿ ಮಾತಾಡಿದರು. ಆಮೇಲೆ ಅಂಗಡಿಯಲ್ಲಿ ಗದ್ದಲವೇ ನಿಂತುಹೋಯಿತು. ಉಪ್ಪು ಕೇಳುವವರೂ ಪಿಸುಮಾತಿನಲ್ಲಿ ಕೇಳುತ್ತಿದ್ದರು.

ಪ್ರತಿದಿನ ಬೆಳಿಗ್ಗೆ ಬಿಸಿಲು ಹಿತ್ತಲಿಗೆ ಇಳಿದ ಮೇಲೆ ತೂಕ. ಮಗುವಿನ ತಟ್ಟೆ, ರಾಗಿಯ ತಟ್ಟೆ. ಮೊದಲ ಬೆಳಿಗ್ಗೆಯೇ ರಾಗಿಯ ತಟ್ಟೆ ಕೆಳಗೆ ಹೋಯಿತು. ಅಜ್ಜಿ ಒಂದು ಹಿಡಿ ತೆಗೆದು, ದೇವರ ಗೂಡಿನಲ್ಲಿದ್ದ ಹಿತ್ತಾಳೆ ಬಟ್ಟಲಿಗೆ ಹಾಕಿದರು. ಮಾರನೆಯ ದಿನ ಇನ್ನೊಂದು ಹಿಡಿ. ಅಂಗಡಿಗೆ ಬಂದವರು ಇವತ್ತು ಎಷ್ಟು ಎಂದು ಅಪ್ಪನನ್ನು ಕೇಳುತ್ತಿದ್ದರು. ಅಪ್ಪ, ಜೀವಮಾನವೆಲ್ಲ ಗ್ರಾಮಿನ ಲೆಕ್ಕ ಬಿಟ್ಟು ಮಾತಾಡದ ಅಪ್ಪ, ಎರಡು ಹಿಡಿ ಇಳಿದಿದೆ ಎನ್ನುತ್ತಿದ್ದರು. ಸುಶೀಲಮ್ಮ ಸೈಕಲ್ ಇಳಿಯುತ್ತಲೇ ಎಷ್ಟು ಹಿಡಿ ಎಂದು ಕೇಳುತ್ತಿದ್ದರು. ಅಜ್ಜಿ ಮಾತ್ರ ಅವರಿಗೆ ಹಾಲಿನ ಲೆಕ್ಕ ಒಪ್ಪಿಸುವಾಗ ನಾಲಿಗೆ ತೊಡರಿಸಿಕೊಂಡು ಎಮ್ಮೆಲ್ಲು ಎನ್ನಲು ಕಲಿತಿದ್ದರು. ಮೂರನೆಯ ಹಿಡಿ ತೆಗೆದ ದಿನ ಯಾರೂ ಏನೂ ಕೇಳಲಿಲ್ಲ. ಅಪ್ಪನ ಮುಖ ನೋಡಿಯೇ ಸಾಮಾನು ಕಟ್ಟಿಸಿಕೊಂಡು ಹೋದರು.

ಆ ದಿನವೇ ಅಮ್ಮನ ಜ್ವರವೂ ಏರಿತು. ಸುಶೀಲಮ್ಮ ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೂರಾ ಮೂರು ಎಂದರು. ನಾನು ಕೈಲಿದ್ದ ಲೋಟ ಬಿಟ್ಟುಬಿಟ್ಟೆ. ನೂರು ಡಿಗ್ರಿಗೆ ನೀರು ಕುದಿಯುತ್ತದೆ ಎಂದು ಅದೇ ವಾರ ಮೇಷ್ಟರು ಪಾಠ ಮಾಡಿದ್ದರು. ಅಮ್ಮ ಕುದಿಯುವ ನೀರಿಗಿಂತ ಬಿಸಿಯಾಗಿದ್ದಾರೆ, ಇನ್ನು ಉಳಿಯುವುದಿಲ್ಲ ಎಂದುಕೊಂಡು ಕೋಣೆಗೆ ಓಡಿದೆ. ಹೆದರಿ ಹೆದರಿ ಒಂದು ಬೆರಳನ್ನು ಅವರ ಹಣೆಗೆ ತಾಗಿಸಿದೆ. ಸುಡಲಿಲ್ಲ. ಇಡೀ ಅಂಗೈ ಇಟ್ಟೆ. ಬಿಸಿಯಿತ್ತು, ಆದರೆ ಅದು ಅಮ್ಮನ ಹಣೆಯೇ ಆಗಿತ್ತು. ಅಮ್ಮ ಕಣ್ಣು ತೆರೆದು, ಯಾಕೆ ಸಾವಿ, ಎಂದು ನನ್ನ ಹೆಸರು ಹಿಡಿದು ಕೇಳಿದರು. ನಾನು ಅಳುತ್ತ ಕುದಿಯುವ ನೀರಿನ ವಿಷಯ ಹೇಳಿದೆ. ಸುಶೀಲಮ್ಮ ನನ್ನನ್ನು ಹತ್ತಿರ ಕೂರಿಸಿಕೊಂಡು, ಪುಸ್ತಕದ ಡಿಗ್ರಿ ಬೇರೆ, ಈ ಗಾಜಿನ ಕಡ್ಡಿಯ ಡಿಗ್ರಿ ಬೇರೆ, ಇದರಲ್ಲಿ ನೀರು ಕುದಿಯುವುದು ಇನ್ನೂರು ದಾಟಿದ ಮೇಲೆ ಎಂದು ವಿವರಿಸಿದರು. ಅಷ್ಟು ಕೆಲಸದ ನಡುವೆ, ಅಷ್ಟು ಆತಂಕದ ನಡುವೆ, ಒಂದು ಮಗುವಿನ ಪ್ರಶ್ನೆಗೆ ಅವರು ಪೂರ್ತಿ ಉತ್ತರ ಕೊಟ್ಟರು. ಮುಂದೆ ನಾನು ಸಿರಾದಲ್ಲಿ ವಿಜ್ಞಾನದ ಟೀಚರಾದೆ. ಉಷ್ಣತೆಯ ಪಾಠ ಬಂದಾಗಲೆಲ್ಲ ಎರಡೂ ಡಿಗ್ರಿಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯದೆ ಮುಂದಕ್ಕೆ ಹೋಗಿದ್ದಿಲ್ಲ.

ನಾಲ್ಕನೆಯ ಹಿಡಿಯನ್ನು ಅಜ್ಜಿ ತೆಗೆದದ್ದು ಬೆಟ್ಟದ ಮೇಲೆ ಮೋಡ ಕೂತ ಒಂದು ಬೆಳಿಗ್ಗೆ. ತೆಗೆದು ಬಟ್ಟಲಿಗೆ ಹಾಕಿ, ಮಗುವನ್ನು ಎತ್ತಿಕೊಂಡು ವಾಡೆಗೆ ಒರಗಿ ಕೂತುಬಿಟ್ಟರು. ಅಪ್ಪ ಬೆಂಗಳೂರಿಗೆ ಹೋಗುವ ಕಡಲೆಕಾಯಿ ಲಾರಿಯವನಿಗೆ ಹೇಳಿ ಬಂದರು. ಮಾರನೆಯ ಬೆಳಗಿನ ತೂಕ ನೋಡಿ ಹೊರಡುವುದು ಎಂದು ನಿರ್ಧಾರವಾಯಿತು. ಅಂದು ಅಡುಗೆ ಮಾಡಿದ್ದು ರಹೀಮಣ್ಣನ ಹೆಂಡತಿ. ಅಜ್ಜಿ ಊಟಕ್ಕೂ ಎದ್ದಿರಲಿಲ್ಲ. ಮಗುವಿನ ತಲೆಯ ಮೇಲೆ ಗದ್ದವಿಟ್ಟುಕೊಂಡು, ತೆಲುಗಿನಲ್ಲಿ ಏನೋ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ದೇವರಿಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ಹತ್ತಿರ ಹೋಗಿ ಕೇಳಿದೆ. ಅವರು ದೇವರಿಗೆ ಹೇಳುತ್ತಿರಲಿಲ್ಲ. ಮಗುವಿಗೆ ಊರಿನ ವಿಷಯ ಹೇಳುತ್ತಿದ್ದರು. ಇಲ್ಲಿ ಬೆಟ್ಟ ಇದೆ, ಹಿತ್ತಲಲ್ಲಿ ಕರಿಬೇವಿನ ಗಿಡ ಇದೆ, ನಿನಗೊಬ್ಬಳು ಅಕ್ಕ ಇದ್ದಾಳೆ, ಅವಳಿಗೆ ಬಾಯಿ ಜೋರು, ಉಂಡು, ತಿಂದು, ನೋಡುವುದು ಬಹಳ ಇದೆ, ಎದ್ದು ಬಾ ನಾ ತಲ್ಲಿ, ನನ್ನ ತಾಯಿ, ಎನ್ನುತ್ತಿದ್ದರು.

ಬೆಳಗಾಯಿತು. ಲಾರಿ ಬಂದು ಮನೆ ಮುಂದೆ ನಿಂತಿತ್ತು. ಮಗುವನ್ನು ತಟ್ಟೆಯಲ್ಲಿ ಮಲಗಿಸಿದರು. ಅಪ್ಪ ರಾಗಿಯ ಗಂಟನ್ನು ಇನ್ನೊಂದು ತಟ್ಟೆಯಲ್ಲಿಟ್ಟು ಕೈ ಬಿಟ್ಟರು. ತಟ್ಟೆಗಳು ಒಂದಷ್ಟು ತೂಗಿದವು, ನಿಧಾನವಾದವು, ನಿಂತವು. ಸಮವಾಗಿ ನಿಂತವು. ಅಪ್ಪ ನಂಬಲಿಲ್ಲ. ತಕ್ಕಡಿಯೇ ಮೋಸ ಮಾಡುತ್ತಿದೆಯೇನೋ ಎಂದು ಮಗುವನ್ನು ರಾಗಿಯ ತಟ್ಟೆಗೆ, ರಾಗಿಯನ್ನು ಮಗುವಿನ ತಟ್ಟೆಗೆ ಬದಲಾಯಿಸಿ ನೋಡಿದರು. ಆಗಲೂ ಸಮ. ಅಪ್ಪ ಹೊರಗೆ ಹೋಗಿ ಲಾರಿಯವನಿಗೆ, ಇವತ್ತು ಇಳಿದಿಲ್ಲ, ನೀನು ಹೊರಡಪ್ಪ ಎಂದರು. ಲಾರಿಯವನು ಎಂಜಿನ್ ಸದ್ದಿಗೆ ಮಗು ಬೆಚ್ಚಿಬಿದ್ದೀತೆಂದು ಗಾಡಿಯನ್ನು ಇಳಿಜಾರಿನಲ್ಲಿ ನೂಕಿಸಿಕೊಂಡು ದೂರ ಹೋದ ಮೇಲೆ ಚಾಲು ಮಾಡಿದ.

ಅದರ ಮಾರನೆಯ ದಿನ ಅಪ್ಪ ಗಂಟು ಇಟ್ಟು ಕೈ ಬಿಟ್ಟಾಗ ರಾಗಿಯ ತಟ್ಟೆ ಮೇಲಕ್ಕೆ ಹೋಯಿತು. ಮಗುವಿನ ತಟ್ಟೆ ಕೆಳಗೆ ಬಂತು. ಕಣ್ಣಿಗೆ ಕಂಡದ್ದನ್ನು ಒಪ್ಪಿಕೊಳ್ಳಲು ನಮಗೆಲ್ಲ ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು ನಿಂತಿದ್ದರು.

"ಅವ್ವ, ಆಕು," ಎಂದರು ಅಪ್ಪ.

ಅಜ್ಜಿ ದೇವರ ಗೂಡಿನ ಬಟ್ಟಲಿಗೆ ಕೈ ಹಾಕಿದರು. ಅವಸರದಲ್ಲಿ ಬೆರಳ ಸಂದಿಯಿಂದ ರಾಗಿ ಸುರಿದು ನೆಲಕ್ಕೆ ಬಿತ್ತು. ತಟ್ಟೆಗೆ ಬಿದ್ದದ್ದು ಒಂದು ಹಿಡಿಯಲ್ಲ, ಅರ್ಧ ಹಿಡಿ. ಅಷ್ಟೇ ಸಾಕಾಗಿತ್ತು. ಅಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಸುಶೀಲಮ್ಮ ಬಂದಾಗ ನಾನೇ ಓಡಿ ಹೋಗಿ ಹೇಳಿದೆ. ಅವರು ಸೈಕಲ್ಲನ್ನು ನಿಲ್ಲಿಸುವುದನ್ನೂ ಮರೆತು, ಅದು ಬಿದ್ದ ಸದ್ದಿಗೂ ತಿರುಗಿ ನೋಡದೆ ಒಳಗೆ ಹೋದರು.

ಬಟ್ಟಲು ಖಾಲಿಯಾಗಲು ಬಹಳ ದಿನ ಹಿಡಿಯಿತು. ಖಾಲಿಯಾದ ದಿನ ಮಗು ಹುಟ್ಟಿದಾಗ ಎಷ್ಟಿತ್ತೋ ಅಷ್ಟಾಗಿತ್ತು. ಅಲ್ಲಿಂದ ಮುಂದೆ ಅಜ್ಜಿ ವಾಡೆಯಿಂದ ಹೊಸ ರಾಗಿ ತೆಗೆದು ಹಾಕತೊಡಗಿದರು. ಅಮ್ಮನ ಜ್ವರ ಬಿಟ್ಟಿತು. ಮಗು ಒಳಲೆಯನ್ನು ಬಿಟ್ಟು ಮೊಲೆ ಚೀಪುವುದನ್ನು ಕಲಿಯಿತು. ರಹೀಮಣ್ಣ ಮೊದಲಿನ ಅಂಗಿ ಹಿಡಿಯುವುದಿಲ್ಲವೆಂದು ಎರಡನೆಯದನ್ನು ಹೊಲಿದು ತಂದು, ಎದೆ ಹನ್ನೆರಡು ಇಂಚು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಅಪ್ಪ ಮಾತ್ರ ಮಗುವನ್ನು ಶರ್ಟಿನೊಳಗೆ ಕಟ್ಟಿಕೊಳ್ಳುವ ಅಗತ್ಯ ಮುಗಿದ ಮೇಲೂ ಕೆಲವು ದಿನ ಹಾಗೇ ಕೂರುತ್ತಿದ್ದರು. ಬೆಚ್ಚಗಿರಲಿ ಎನ್ನುತ್ತಿದ್ದರು.

ಐದು ಪೌಂಡು ದಾಟಿದರೆ ಭಯವಿಲ್ಲ ಎಂದು ಮಧುಗಿರಿಯ ಡಾಕ್ಟರು ಹೇಳಿದ್ದರು. ಅದು ದಾಟಿದ ವಾರ ನಾಮಕರಣ ಇಟ್ಟುಕೊಂಡರು. ತುಲಾಭಾರದ ರಾಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದು ಊರಿಗೆ ಸೇರಬೇಕು ಎಂದು ಅಜ್ಜಿ ಹೇಳಿದರು. ಅಂದಿನ ತೂಕದ ಗಂಟನ್ನು ಅವರೇ ಬಿಚ್ಚಿ, ಬೀಸುವ ಕಲ್ಲಿಗೆ ಹಾಕಿ ಹಿಟ್ಟು ಮಾಡಿ, ಮುದ್ದೆ ಮಾಡಿದರು. ಜೊತೆಗೆ ಹುರುಳಿಕಾಳಿನ ಸಾರು. ಸುಶೀಲಮ್ಮ, ರಹೀಮಣ್ಣನ ಮನೆಯವರು, ಲಾರಿಯವನು, ಅಂಗಡಿಯಲ್ಲಿ ಪಿಸುಮಾತಿನಲ್ಲಿ ಉಪ್ಪು ಕೇಳಿದವರು, ಎಲ್ಲರೂ ನಡುಮನೆಯಲ್ಲಿ ಕೂತು ಉಂಡರು. ಒಬ್ಬೊಬ್ಬರಿಗೆ ಬಂದದ್ದು ಚಿಕ್ಕ ಮುದ್ದೆ. ಬಿಸಿ ಮುದ್ದೆಯನ್ನು ಮುರಿಯುತ್ತ ನಾನು ತೊಟ್ಟಿಲ ಕಡೆ ನೋಡಿದೆ. ನನ್ನ ಎಲೆಯ ಮೇಲಿದ್ದ ರಾಗಿ, ಅಲ್ಲಿ ಕೂತ ಎಲ್ಲರ ಎಲೆಯ ಮೇಲಿದ್ದ ರಾಗಿ ಸೇರಿದರೆ ಸರಿಯಾಗಿ ಅವಳಷ್ಟು. ಕೊನೆಯ ಮುದ್ದೆಯನ್ನು ಅಜ್ಜಿ ಅಮ್ಮನ ಎಲೆಗೆ ಹಾಕಿದರು. ಅಮ್ಮ ಅದನ್ನು ಎರಡು ಮಾಡಿ ಅರ್ಧವನ್ನು ಅತ್ತೆಯ ಕೈಯಲ್ಲಿಟ್ಟರು. ಮಗುವಿಗೆ ತುಳಸಿ ಎಂದು ಹೆಸರಿಟ್ಟರು.

ತುಳಸಿ ಈಗ ಪಾವಗಡದ ಕಡೆ ವಳ್ಳೂರಿನಲ್ಲಿದ್ದಾಳೆ. ಜಮೀನಿನ ಅರ್ಧವನ್ನು ಸೋಲಾರಿನವರಿಗೆ ಗುತ್ತಿಗೆ ಕೊಟ್ಟು, ಉಳಿದರ್ಧದಲ್ಲಿ ಗಂಡನ ಜೊತೆ ಕಡಲೆಕಾಯಿ ಬೆಳೆಯುತ್ತಾಳೆ, ಮೊಮ್ಮಕ್ಕಳನ್ನು ಆಡಿಸುತ್ತಾಳೆ. ಹೋದ ತಿಂಗಳು ಮಂಡಿ ನೋವೆಂದು ನಿವೃತ್ತಳಾದ ಮೇಲೆ ನಾನಿರುವ ಮಧುಗಿರಿಯ ಮನೆಗೆ ಬಂದಿದ್ದಳು. ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿನ ಹುಡುಗಿ ಅವಳನ್ನು ನೆಲದ ಮೇಲಿದ್ದ ಒಂದು ಗಾಜಿನ ಹಲಗೆಯ ಮೇಲೆ ನಿಲ್ಲಿಸಿದಳು. ಕೆಂಪು ಅಂಕಿಗಳು ಓಡತೊಡಗಿದವು. ನನಗೆ ತಿಳಿಯದೆಯೇ ನಾನು ಉಸಿರು ಬಿಗಿಹಿಡಿದಿದ್ದೆ. ಅಂಕಿ ಎಪ್ಪತ್ತೊಂಬತ್ತಕ್ಕೆ ಬಂದು ನಿಂತಿತು. ಎಳೆಯ ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿ, ತೂಕ ಇಳಿಸಲೇಬೇಕಮ್ಮ, ಇಲ್ಲದಿದ್ದರೆ ಮಂಡಿ ಕೇಳುವುದಿಲ್ಲ, ನೀವಾದರೂ ನಿಮ್ಮ ತಂಗಿಗೆ ದಿನಾ ಹೇಳಿ ಎಂದು ನನ್ನ ಕಡೆ ತಿರುಗಿದರು. ಅವರು ಹೇಳಿದ್ದು ಸರಿ. ನಾನು ತಲೆಯಾಡಿಸಿದೆ. ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೇ ನಡೆದೆ. ಮನೆಗೆ ಬಂದು ಕೈಕಾಲು ತೊಳೆದು ಅವಳು ಊಟಕ್ಕೆ ಕೂತಾಗ, ಡಾಕ್ಟರಮ್ಮನ ಮಾತೆಲ್ಲ ನೆನಪಿದ್ದೂ, ಇನ್ನೊಂದು ತುತ್ತು ಹಾಕ್ಲಾ ಎಂದು ಕೇಳಿದೆ.